ಹೆಸರಿಲ್ಲದ ಆಳು ಸಣ್ಣ ಪಾತ್ರವೇ?

ನಮ್ಮ ಸಂಘದ ಭಾನುವಾರದ ವಾಚನಗೋಷ್ಠಿ ವಿದ್ವಾಂಸರ ಸಭೆಯಲ್ಲ. ಹೋಟೆಲುಗಳಲ್ಲಿ ದುಡಿಯುವವರು, ಅಚ್ಚುಕೂಟದವರು, ಒಬ್ಬಿಬ್ಬರು ಗುಮಾಸ್ತರು, ನಿವೃತ್ತರಾದ ರೈಲ್ವೆ ನೌಕರರು, ಇಷ್ಟೇ ಮಂದಿ. ತಿಂಗಳಿಗೊಂದು ಪುಸ್ತಕ ಹಿಡಿದು, ಇಂಗ್ಲಿಷ್ ಬಲ್ಲವರು ಬಾರದವರಿಗೆ ಕನ್ನಡದಲ್ಲಿ ಹೇಳಿ, ಕಾಫಿ ಕುಡಿದು ಮುಗಿಸುವುದು ವಾಡಿಕೆ. ಈ ಸಲ ಹಿಡಿದದ್ದು ಚಾರ್ಲ್ಸ್ ಡಿಕನ್ಸನ ‘ಡಾಂಬಿ ಅಂಡ್ ಸನ್’. ಕಥೆ ಹೇಳಲು ಬಂದಿದ್ದ ಇಂಗ್ಲಿಷ್ ಅಧ್ಯಾಪಕರು ಸಜ್ಜನರು. ಎರಡು ಗಂಟೆ ಸೊಗಸಾಗಿ ಮಾತನಾಡಿದರು. ಕೊನೆಯಲ್ಲಿ, ಮೂವತ್ತು ವರ್ಷ ಹೋಟೆಲಿನಲ್ಲಿ ದುಡಿದ ನಮ್ಮ ಸದಸ್ಯರೊಬ್ಬರು ಎದ್ದು ನಿಂತು ಕೇಳಿದರು: “ಸ್ವಾಮಿ, ಆ ಮೇಜರನ ಕೈಯಲ್ಲಿ ಏಟು ತಿನ್ನುವ ಆಳಿನ ಹೆಸರೇನು? ತಾವು ಹೇಳಲೇ ಇಲ್ಲವಲ್ಲ.” ಅಧ್ಯಾಪಕರು ನಕ್ಕು, “ಅವನಿಗೆ ಹೆಸರಿಲ್ಲ. ಅದೊಂದು ಸಣ್ಣ ಪಾತ್ರ, ಬಿಡಿ” ಎಂದರು. ಸಭೆ ಮುಗಿಯಿತು. ಆದರೆ ನಮ್ಮಿಂದ ಬಿಡಲಾಗಲಿಲ್ಲ. ಅದಕ್ಕಾಗಿ ಈ ಲೇಖನ.

ಕಥೆ ತಿಳಿಯದ ವಾಚಕರಿಗಾಗಿ ಮೊದಲು ನಾಲ್ಕು ಮಾತು. ಈ ಕಾದಂಬರಿ 1846ರ ಅಕ್ಟೋಬರಿನಿಂದ 1848ರ ಏಪ್ರಿಲಿನವರೆಗೆ ಲಂಡನ್ನಿನಲ್ಲಿ ತಿಂಗಳ ಕಂತುಗಳಾಗಿ ಹೊರಬಂತು. ಡಾಂಬಿ ಎಂಬವನು ದೊಡ್ಡ ವ್ಯಾಪಾರದ ಸಾಹುಕಾರ. ಅವನಿಗೆ ಬೇಕಾದದ್ದು ಮಗುವಲ್ಲ, ಅಂಗಡಿಯ ಹೆಸರಿನಲ್ಲಿರುವ ‘ಸನ್’. ಮಗಳು ಫ್ಲಾರೆನ್ಸ್ ಇದ್ದಾಳೆ, ಅವಳು ಲೆಕ್ಕಕ್ಕಿಲ್ಲ. ಕಡೆಗೆ ಗಂಡು ಮಗು ಹುಟ್ಟುತ್ತದೆ, ಹೆತ್ತ ತಾಯಿ ಸಾಯುತ್ತಾಳೆ. ಆ ಮಗು ಪಾಲ್ ಎಳವೆಯಲ್ಲೇ ತೀರಿಕೊಳ್ಳುತ್ತದೆ. ಸಾಹುಕಾರ ಪ್ರತಿಷ್ಠೆಗಾಗಿ ಮತ್ತೆ ಮದುವೆಯಾಗುತ್ತಾನೆ, ಆ ಹೆಂಡತಿ ಮನೆ ಬಿಟ್ಟು ಹೋಗುತ್ತಾಳೆ, ವ್ಯಾಪಾರ ದಿವಾಳಿಯೆದ್ದು ಮುದುಕನಿಗೆ ತಾನು ತಿರಸ್ಕರಿಸಿದ ಮಗಳೇ ಗತಿಯಾಗುತ್ತಾಳೆ. ಇದು ‘ದೊಡ್ಡ’ ಪಾತ್ರಗಳ ಕಥೆ. ದೊಡ್ಡವರು ಅಳುವಾಗ ನಾವೂ ಅತ್ತೆವು. ಅದರಲ್ಲಿ ನಾಚಿಕೆಯೇನೂ ಇಲ್ಲ.

ಈಗ ಆಳಿನ ವಿಷಯಕ್ಕೆ ಬರೋಣ. ಡಾಂಬಿಗೆ ಮೇಜರ್ ಬ್ಯಾಗ್‌ಸ್ಟಾಕ್ ಎಂಬ ಸ್ನೇಹಿತ. ದಂಡಿನಿಂದ ನಿವೃತ್ತನಾದವನು, ಹೊಟ್ಟೆಬಾಕ, ಮುಖಸ್ತುತಿಯಲ್ಲಿ ನಿಸ್ಸೀಮ. ಅವನಿಗೊಬ್ಬ ಕಪ್ಪು ಮೈಬಣ್ಣದ ಆಳು. ಪುಸ್ತಕದ ಉದ್ದಕ್ಕೂ ಇವನನ್ನು ‘ನೇಟಿವ್’ ಎಂದೇ ಕರೆಯಲಾಗಿದೆ. ಯಾವ ನಾಡಿನ ನೇಟಿವ್? ಹೇಳಿಲ್ಲ. ಎದುರುಮನೆಯ ಮಿಸ್ ಟಾಕ್ಸ್ ಎಂಬ ಹೆಂಗಸು ಅವನ ಊರು ದೇಶ ಯಾವುದೆಂಬ ಯೋಚನೆಯನ್ನೇ ಮಾಡದೆ, ನೇಟಿವ್ ಎಂದರೆ ಸಾಕೆಂದು ಸಮಾಧಾನಪಡುತ್ತಾಳೆ. ಅವನಿಗೆ ತೊಡಿಸಿದ ಐರೋಪ್ಯ ಉಡುಪು ಗಿಡ್ಡವಿರಬೇಕಾದಲ್ಲಿ ಉದ್ದ, ಸಡಿಲವಿರಬೇಕಾದಲ್ಲಿ ಬಿಗಿ. ಮೇಜರನಿಗೆ ಕೋಪ ಬಂದರೆ ಏಟು ಇವನಿಗೆ. ಕೋಪ ಬರದಿದ್ದರೂ ಬೈಗುಳ ಇವನಿಗೆ. ಇವನಿಗೆ ಸ್ವಂತ ಹೆಸರಿಲ್ಲ. ಯಜಮಾನನ ಬಾಯಿಗೆ ಆ ಗಳಿಗೆಯಲ್ಲಿ ಯಾವ ಬೈಗುಳ ಬಂತೋ ಅದಕ್ಕೇ ಓಗೊಡುತ್ತಾನೆ ಎಂದು ಡಿಕನ್ಸನೇ ನಮಗೆ ತಿಳಿಸುತ್ತಾನೆ.

ಯಜಮಾನನಿಗೆ ಎಷ್ಟು ಹೆಸರು, ಗಮನಿಸಿ. ಅವನು ತನ್ನನ್ನು ತಾನೇ ಜೋಯಿ ಬಿ. ಎನ್ನುತ್ತಾನೆ, ಓಲ್ಡ್ ಜೋ ಎನ್ನುತ್ತಾನೆ, ಜೆ.ಬಿ. ಎನ್ನುತ್ತಾನೆ, ಜಾಷ್ ಎನ್ನುತ್ತಾನೆ. ಬಾಯಿ ತೆರೆದರೆ ತನ್ನ ಹೆಸರಿನದೇ ಭಜನೆ. ಅವನ ಹೊದಿಕೆ, ಪೆಟ್ಟಿಗೆ, ಸಾಮಾನು ಹೊತ್ತು ಬೆನ್ನ ಹಿಂದೆ ನಡೆಯುವವನಿಗೆ ಒಂದು ಹೆಸರೂ ಇಲ್ಲ. ಅಷ್ಟೇಕೆ, ಈ ಕಾದಂಬರಿಯಲ್ಲಿ ಒಂದು ನಾಯಿಯಿದೆ. ಅದಕ್ಕೆ ಡಯೋಜನೀಸ್ ಎಂಬ ಗ್ರೀಕ್ ತತ್ತ್ವಜ್ಞಾನಿಯ ಹೆಸರು! ನಾಯಿಗೆ ತತ್ತ್ವಜ್ಞಾನಿಯ ಹೆಸರಿಟ್ಟ ಮನೆಗಳ ನಡುವೆ ಮನುಷ್ಯನೊಬ್ಬ ಹೆಸರಿಲ್ಲದೆ ಓಡಾಡುತ್ತಾನೆ. ಇದನ್ನು ‘ಸಣ್ಣ ಪಾತ್ರ, ಬಿಡಿ’ ಎಂದು ತಳ್ಳಿಹಾಕುವುದು ಹೇಗೆ?

ಡಿಕನ್ಸನಿಗೆ ಅನ್ಯಾಯ ಮಾಡುವುದು ನಮ್ಮ ಉದ್ದೇಶವಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ, 1824ರಲ್ಲಿ, ಅಪ್ಪ ಸಾಲಕ್ಕಾಗಿ ಸೆರೆಮನೆ ಸೇರಿದ್ದಾಗ, ಬೂಟಿಗೆ ಹಚ್ಚುವ ಕರಿಮಸಿಯ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸಿದ ಹುಡುಗ ಅವನು. ದುಡಿಯುವವರ ನೋವು ಅವನಿಗೆ ಪುಸ್ತಕದಿಂದ ಬಂದದ್ದಲ್ಲ. ಮೇಜರನ ಕ್ರೌರ್ಯವನ್ನು ಕಂಡು ನಾವು ಹೇಸಬೇಕೆಂದೇ ಅವನು ಬರೆದಿದ್ದಾನೆ, ಅದನ್ನು ಒಪ್ಪುತ್ತೇವೆ. ಆದರೆ ಅದೇ ಉಸಿರಿನಲ್ಲಿ, ಏಟಿಗೆ ಹೆದರಿ ಬಟ್ಟೆಯೊಳಗೆ ಮುದುಡುವ ಆಳನ್ನು ಚಳಿಗೆ ಮುದುಡಿದ ಕೋತಿಗೆ ಹೋಲಿಸಿ ನಮ್ಮನ್ನು ನಗಿಸಲೂ ನೋಡುತ್ತಾನೆ. ಬಿಳಿಯ ಬಡವನ ಮನೆಯೊಳಗೆ ಕೈ ಹಿಡಿದು ಕರೆದೊಯ್ಯುವ ಡಿಕನ್ಸ್ ಈ ಆಳಿನ ಮನಸ್ಸಿನ ಬಾಗಿಲವರೆಗೂ ಹೋಗುವುದಿಲ್ಲ. 1857ರ ದಂಗೆಯ ಸುದ್ದಿ ಲಂಡನ್ನಿಗೆ ತಲಪಿದಾಗ ಇದೇ ಡಿಕನ್ಸ್, ತಾನು ಇಂಡಿಯಾದ ಸೇನಾಧಿಪತಿಯಾಗಿದ್ದರೆ ಆ ಜನಾಂಗವನ್ನೇ ನಿರ್ನಾಮ ಮಾಡುತ್ತಿದ್ದೆನೆಂಬ ಅರ್ಥದ ಕಾಗದವನ್ನು ತನ್ನ ಗೆಳತಿ ಬರ್ಡೆಟ್ ಕೂಟ್ಸ್‌ಗೆ ಬರೆದ. ಹೆಸರಿಲ್ಲದ ಜನರನ್ನು ನಿರ್ನಾಮ ಮಾಡುವ ಮಾತು ಸುಲಭ. ಹೆಸರು ಗೊತ್ತಿದ್ದರೆ ಅಷ್ಟು ಸುಲಭವಾಗಿ ಬಾಯಿಗೆ ಬರುವುದಿಲ್ಲ.

ಅದೇ ಪುಸ್ತಕದಲ್ಲಿ ಇನ್ನೊಂದು ‘ಸಣ್ಣ ಪಾತ್ರ’ವಿದೆ. ನಮ್ಮ ಗೋಷ್ಠಿಯ ಹೆಂಗಸರು ಅತಿ ಹೆಚ್ಚು ಹೊತ್ತು ಚರ್ಚಿಸಿದ್ದು ಅದನ್ನೇ. ತಾಯಿಯಿಲ್ಲದ ಮಗುವಿಗೆ ಹಾಲೂಡಿಸಲು ಪಾಲಿ ಟೂಡಲ್ ಎಂಬ ಬಡ ಹೆಂಗಸನ್ನು ಗೊತ್ತುಮಾಡುತ್ತಾರೆ. ಅವಳ ಗಂಡ ಸ್ಟೋಕರ್, ಉಗಿಯಂತ್ರದ ಒಲೆಗೆ ಕಲ್ಲಿದ್ದಲು ತುಂಬುವವನು. ಅವಳ ಮಡಿಲಲ್ಲೇ ಎಳೆಗೂಸೊಂದಿದೆ. ಅದನ್ನು ತಂಗಿಯ ಕೈಗೆ ಕೊಟ್ಟು ಬರಬೇಕು. ಡಾಂಬಿ ಸಾಹೇಬ ಹಾಕುವ ಕರಾರುಗಳನ್ನು ಕೇಳಿ. ಈ ಮನೆಯಲ್ಲಿರುವಷ್ಟು ದಿನ ನಿನ್ನ ಹೆಸರು ಪಾಲಿ ಅಲ್ಲ, ರಿಚರ್ಡ್ಸ್. ನಿನ್ನ ಮನೆಯವರನ್ನು ನೋಡುವ ಹಾಗಿಲ್ಲ. ಮಗುವಿನ ಮೇಲೆ ನಿನಗೆ ಪ್ರೀತಿ ಹುಟ್ಟಬೇಕಾಗಿಲ್ಲ, ಮಗುವಿಗೆ ನಿನ್ನ ಮೇಲೂ ಬೇಡ. ಇದು ಬಾಡಿಗೆಯ ವ್ಯವಹಾರ. ಅವಧಿ ಮುಗಿದ ಮೇಲೆ ನೀನು ಯಾರೋ, ನಾವು ಯಾರೋ.

ಆಗ ಪಾಲಿ ಏನು ಮಾಡಿದಳು? ಅತ್ತಳೇ? ಕಾಲು ಹಿಡಿದಳೇ? ಇಲ್ಲ. ಸ್ವಂತ ಹೆಸರು ಬಿಟ್ಟು ಬೇರೆ ಹೆಸರಿನಲ್ಲಿ ಕರೆಯುವುದಾದರೆ ಅದನ್ನು ಸಂಬಳದಲ್ಲಿ ಲೆಕ್ಕಕ್ಕೆ ಹಿಡಿಯಬೇಕು ಎಂದಳು! ಸಾಹುಕಾರ ಒಪ್ಪಿದ. ಬಾಂಧವರೇ, ನಾವು ಓದಿದ ಇಂಗ್ಲಿಷ್ ಕಾದಂಬರಿಗಳಲ್ಲಿ ಇಷ್ಟು ಸೊಗಸಾದ ಕೂಲಿ ಮಾತುಕತೆ ಇನ್ನೊಂದಿಲ್ಲ. ಸಂಘವಿಲ್ಲ, ಬಾವುಟವಿಲ್ಲ, ಓದುಬರಹವಿಲ್ಲ. ಆದರೂ ಆ ತಾಯಿಗೆ ಗೊತ್ತಿತ್ತು: ಹೆಸರು ತನ್ನ ಸ್ವತ್ತು, ಅದನ್ನು ಕಸಿದುಕೊಳ್ಳುವವನು ಬೆಲೆ ತೆರಬೇಕು. ಮುಂದೆ ಒಂದು ದಿನ ತನ್ನ ಮಕ್ಕಳನ್ನು ನೋಡುವ ಆಸೆ ತಡೆಯಲಾರದೆ ಆಕೆ ಮನೆಗೆ ಹೋಗಿಬಂದಳು. ಆ ಅಪರಾಧಕ್ಕೆ ಕೆಲಸ ಹೋಯಿತು. ಆದರೆ ಸಾಯುವ ಹೊತ್ತಿನಲ್ಲಿ ಮಗು ಪಾಲ್ ಕೇಳಿದ್ದು ಆ ಹಳೆಯ ದಾದಿಯನ್ನೇ. ಪ್ರೀತಿ ಬೇಡವೆಂದು ಕರಾರು ಬರೆದ ಅಪ್ಪನ ಎದುರಿಗೇ ಆ ಕರಾರು ಮುರಿದುಬಿತ್ತು.

ಮಗು ಸತ್ತ ಮೇಲೆ ಡಾಂಬಿ ಮೇಜರನೊಡನೆ ರೈಲು ಹತ್ತಲು ನಿಲ್ದಾಣಕ್ಕೆ ಬರುತ್ತಾನೆ. ನೇಟಿವ್ ಸಾಮಾನಿನ ಜೊತೆಗಿದ್ದಾನೆ. ಮಸಿ ಬಳಿದ ಮೈಯ ಕೂಲಿಗಾರನೊಬ್ಬ ಮುಂದೆ ಬಂದು ವಂದಿಸುತ್ತಾನೆ. ಅವನೇ ಪಾಲಿಯ ಗಂಡ ಟೂಡಲ್. ಅದೇ ರೈಲಿನ ಸ್ಟೋಕರ್. ಸಾಹುಕಾರ ಇವನು ಕಾಸು ಕೇಳಲು ಬಂದನೆಂದು ತಿಳಿಯುತ್ತಾನೆ. ಟೂಡಲ್‌ಗೆ ಕಾಸು ಬೇಡ. ಅವನು ಸುಖದುಃಖ ವಿಚಾರಿಸುತ್ತಾನೆ. ಓದು ಬಾರದಿದ್ದ ತನಗೆ ಮಕ್ಕಳೇ ಸೇರಿ ಅಕ್ಷರ ಕಲಿಸಿದರೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ಆಗ ಡಾಂಬಿಯ ಕಣ್ಣಿಗೆ ಬೀಳುತ್ತದೆ, ಆ ಕೂಲಿಗಾರನ ಟೋಪಿಗೆ ಸಿಕ್ಕಿಸಿದ ಕಪ್ಪು ಬಟ್ಟೆಯ ತುಂಡು. ತನ್ನ ಹೆಂಡತಿ ಹಾಲೂಡಿಸಿದ ಮಗುವಿಗಾಗಿ ಅವನೂ ಶೋಕ ಹಿಡಿದಿದ್ದಾನೆ! ಸಾಹುಕಾರನಿಗೆ ಕೃತಜ್ಞತೆಯಾಗಲಿಲ್ಲ, ಅವಮಾನವಾಯಿತು. ತನ್ನ ದುಃಖದಲ್ಲಿ ಪಾಲು ಕೇಳಲು ಈ ಕೂಲಿಯವನು ಯಾರು, ಎಂದು. ಲಾಭದಲ್ಲಿ ಪಾಲು ಕೊಡದವರನ್ನು ನಾವು ಬಹಳ ಕಂಡಿದ್ದೇವೆ. ದುಃಖದಲ್ಲೂ ಪಾಲು ಕೊಡದವನನ್ನು ಡಿಕನ್ಸ್ ತೋರಿಸಿದ. ಈ ಒಂದು ದೃಶ್ಯಕ್ಕಾಗಿ ಅವನಿಗೆ ನಮ್ಮ ನಮಸ್ಕಾರ.

ಆ ಸ್ಟೋಕರನ ಕಥೆ ಕೇಳುವಾಗ ನಮ್ಮ ರೈಲ್ವೆಯ ಹಿರಿಯರೊಬ್ಬರು ಒಂದು ಮಾತು ಹೇಳಿದರು. ಇದೇ ಊರಿನ ರಾಯಪುರಂ ನಿಲ್ದಾಣದಿಂದ 1856ರ ಜುಲೈ 1ರಂದು ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು ಹೊರಟಿತು. ಆಗಿನ ಗವರ್ನರ್ ಹ್ಯಾರಿಸ್ ಸಾಹೇಬನ ಹೆಸರು ಚರಿತ್ರೆಯಲ್ಲಿದೆ. ಎಂಜಿನಿಗೆ ಬೆಂಕಿ ಹಾಕಿದವನ ಹೆಸರನ್ನು ನಾವು ಎಲ್ಲಿಯೂ ಓದಿಲ್ಲ. ಅವನೂ ಸಣ್ಣ ಪಾತ್ರವೇ ಇರಬೇಕು.

ಒಬ್ಬ ಡಿಕನ್ಸನನ್ನೇ ಹಿಡಿದು ಜಗ್ಗುತ್ತೇವೆಂದು ಯಾರೂ ತಿಳಿಯಬಾರದು. ಸರಿಯಾಗಿ ಅವೇ ತಿಂಗಳುಗಳಲ್ಲಿ, 1847ರ ಜನವರಿಯಿಂದ 1848ರ ಜುಲೈವರೆಗೆ, ಕಲ್ಕತ್ತೆಯಲ್ಲಿ ಹುಟ್ಟಿದ ಥ್ಯಾಕರೆಯ ‘ವ್ಯಾನಿಟಿ ಫೇರ್’ ಕಂತುಗಳಾಗಿ ಬರುತ್ತಿತ್ತು. ಅದರ ಸಾಧು ನಾಯಕ ಡಾಬಿನ್ ವರ್ಷಗಟ್ಟಲೆ ನಮ್ಮ ಮದರಾಸು ಪ್ರಾಂತದ ದಂಡಿನಲ್ಲಿ ಇರುತ್ತಾನೆ. ಆದರೆ ಆ ದಂಡಿನ ಅಡಿಗೆ ಮಾಡಿದವರು, ಪಂಕ ಎಳೆದವರು, ಬಟ್ಟೆ ಒಗೆದವರು ಯಾರೂ ನಮ್ಮ ಮನಸ್ಸಿನಲ್ಲಿ ಉಳಿಯುವುದಿಲ್ಲ. ಕಲೆಕ್ಟರ್ ಜಾಸ್ ಸೆಡ್ಲಿ ಇಂಡಿಯಾದಿಂದ ಒಬ್ಬ ಸೇವಕನನ್ನು ಇಂಗ್ಲೆಂಡಿಗೆ ಕರೆದೊಯ್ಯುತ್ತಾನೆ. ಅವನಿಗೆ ಹೆಸರೇನೋ ಇದೆ: ಲೋಲ್ ಜವಾಬ್. ನಮ್ಮ ಕಡೆ ಯಾವ ತಾಯಿಯೂ ಮಗುವಿಗೆ ಇಡದ ಹೆಸರು. ಓದುಗನ ನಗೆಗಾಗಿ ಇಟ್ಟದ್ದು. ಅವನು ಚಳಿಯಲ್ಲಿ ನಡುಗುತ್ತಾ ಯಜಮಾನನ ಬಿಳಿಯ ಸೇವಕನಿಗೆ ಕರಿ, ಪಲಾವು ಮಾಡುವುದನ್ನೂ ಹುಕ್ಕಾ ಸಿದ್ಧಮಾಡುವುದನ್ನೂ ಕಲಿಸುತ್ತಾನೆ. ಕಲಿಸಿ ಮುಗಿಸಿದ ಕೂಡಲೇ ಅವನನ್ನು ಹಡಗು ಹತ್ತಿಸಿ ವಾಪಸು ಕಳಿಸುತ್ತಾರೆ. ತನ್ನ ಜಾಗಕ್ಕೆ ಬರುವವನಿಗೆ ತಾನೇ ಕೆಲಸ ಕಲಿಸಿ ಮನೆಗೆ ಹೋಗುವ ಪಾಡನ್ನು ನಮ್ಮ ಸದಸ್ಯರಿಗೆ ವಿವರಿಸಬೇಕಾಗಿಲ್ಲ.

1854ರ ‘ಹಾರ್ಡ್ ಟೈಮ್ಸ್’ನಲ್ಲಿ ಗಿರಣಿಯ ಕೆಲಸಗಾರರೆಲ್ಲರಿಗೂ ಊರವರು ಇಟ್ಟ ಒಂದೇ ಹೆಸರು ‘ಹ್ಯಾಂಡ್ಸ್’, ಎಂದರೆ ಕೈಗಳು. ದೇವರು ಇವರಿಗೆ ಬರಿಯ ಕೈಗಳನ್ನಷ್ಟೇ ಕೊಟ್ಟಿದ್ದರೆ ಯಜಮಾನರಿಗೆ ಇನ್ನೂ ಸಂತೋಷವಾಗುತ್ತಿತ್ತೆಂದು ಡಿಕನ್ಸನೇ ಚುಚ್ಚುತ್ತಾನೆ. ಸರಿ. ಆದರೆ ಅದೇ ಪುಸ್ತಕದಲ್ಲಿ ಸಂಘ ಕಟ್ಟಲು ಬರುವ ಸ್ಲ್ಯಾಕ್‌ಬ್ರಿಜ್ ಎಂಬವನು ಬರೀ ಬಾಯಿಬಡುಕ, ಪುಂಡ. ಕಾರ್ಮಿಕ ಸಂಘದ ಕಾರ್ಯಕರ್ತ ಹೀಗಿರುವುದಿಲ್ಲ, ಇವನು ಮಧ್ಯಮವರ್ಗದ ಕಲ್ಪನೆ ಎಂದು ಬರ್ನಾರ್ಡ್ ಷಾ ಎಂದೋ ಛೀಮಾರಿ ಹಾಕಿದ್ದಾನೆ. ಈ ಊರಿನಲ್ಲಿ ಮದರಾಸು ಲೇಬರ್ ಯೂನಿಯನ್ ಹುಟ್ಟಿದ್ದು 1918ರ ಏಪ್ರಿಲ್ 27ರಂದು. ಅಧ್ಯಕ್ಷರಾದ ಬಿ.ಪಿ. ವಾಡಿಯಾ ಅವರ ಹೆಸರು ಎಲ್ಲರಿಗೂ ಗೊತ್ತು. ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳ ಕೆಲಸಗಾರರ ಗೋಳು ಕೇಳಿ, ವಾಡಿಯಾ ಅವರನ್ನು ಹುಡುಕಿಕೊಂಡು ಹೋದವರು ಇಬ್ಬರು ಸಣ್ಣ ವ್ಯಾಪಾರಿಗಳು: ಸೆಲ್ವಪತಿ ಚೆಟ್ಟಿಯಾರ್ ಮತ್ತು ರಾಮಾನುಜುಲು ನಾಯುಡು. ಬಾಯಿಬಡುಕರಲ್ಲ, ಪುಂಡರಲ್ಲ. ಚರಿತ್ರೆಯ ಸಣ್ಣ ಪಾತ್ರಗಳು.

ಇಷ್ಟರಿಂದ ನಮಗೆ ತೋರುವುದೇನೆಂದರೆ, ದುಡಿಯುವವನ ಹೆಸರು ಕಳೆಯಲು ಮೂರು ದಾರಿಗಳಿವೆ. ಮೊದಲನೆಯದು, ಹೆಸರನ್ನೇ ಕೇಳದಿರುವುದು; ಅದು ನೇಟಿವ್. ಎರಡನೆಯದು, ಇದ್ದ ಹೆಸರನ್ನು ಯಜಮಾನನ ಅನುಕೂಲಕ್ಕೆ ಬದಲಾಯಿಸುವುದು, ಅದು ರಿಚರ್ಡ್ಸ್. ಮೂರನೆಯದು, ಎಲ್ಲರಿಗೂ ಸೇರಿಸಿ ಒಂದೇ ಹೆಸರಿಡುವುದು; ಅದು ಹ್ಯಾಂಡ್ಸ್. ಮೂರರ ಫಲವೂ ಒಂದೇ. ಹೆಸರಿಲ್ಲದವನಿಗೆ ಹಾಜರಿಯಿಲ್ಲ, ಹಾಜರಿಯಿಲ್ಲದವನಿಗೆ ಬಾಕಿಯಿಲ್ಲ, ಬಾಕಿಯಿಲ್ಲದವನಿಗೆ ನ್ಯಾಯಾಲಯವಿಲ್ಲ.

ಬಿಳಿಯರನ್ನು ಬೈದು ಇಲ್ಲಿಗೆ ಲೇಖನ ಮುಗಿಸಿದರೆ ವಾಚಕರಿಗೆಲ್ಲ ಸಂತೋಷವಾದೀತು. ಆದರೆ ಅದು ಪ್ರಾಮಾಣಿಕವಾಗದು. ನಮ್ಮ ಮನೆಯ ಕಡೆಗೂ ತಿರುಗಿ ನೋಡಬೇಕು.

ಈ ನಗರದಲ್ಲಿ ಕನ್ನಡಿಗರ ಹೆಸರು ಉಳಿದದ್ದು ಹೋಟೆಲುಗಳಿಂದ. ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ತೆರೆದ ವುಡ್‌ಲ್ಯಾಂಡ್ಸ್ ಇಂದ ‘ಉಡುಪಿ ಹೋಟೆಲ್’ ಎಂಬ ಮಾತು ದೇಶಕ್ಕೇ ಹರಡಿತು. ರಾಯರು ತಾವೇ ಸಣ್ಣ ಕೆಲಸದಿಂದ ಮೇಲೆ ಬಂದವರು. ಅದು ಎಲ್ಲರೂ ಮೆಚ್ಚುವ ಕಥೆ. ಆದರೆ ಮೇಲೆ ಬಂದ ಒಬ್ಬನ ಹಿಂದೆ ಮೇಲೆ ಬಾರದ ನೂರು ಜನರಿರುತ್ತಾರೆ. ಕುಂದಾಪುರ, ಉಡುಪಿ, ಕಾರ್ಕಳದ ಕಡೆಯಿಂದ ಮಂಗಳೂರು ಮೆಯಿಲ್ ಹತ್ತಿ ಸೆಂಟ್ರಲ್ ನಿಲ್ದಾಣದಲ್ಲಿ ಇಳಿದ ಆ ಹುಡುಗರ ಹೆಸರೇನು? ಎಲ್ಲರ ಹೆಸರೂ ಒಂದೇ: ಮಾಣಿ. ಊರಿನಲ್ಲಿ ತಾಯಿ ‘ಮಾಣೀ’ ಎಂದು ಕರೆದರೆ ಅದು ಅಕ್ಕರೆ. ಗಲ್ಲಾದ ಮೇಲಿಂದ ‘ಏ ಮಾಣಿ’ ಎಂದು ಕೂಗಿದರೆ ಅದು ಹುದ್ದೆ. ಲೋಟ ಎತ್ತುವವನೂ ಮಾಣಿ, ಮೇಜು ಒರೆಸುವವನೂ ಮಾಣಿ, ನಲವತ್ತು ವರ್ಷ ದುಡಿದು ಕೂದಲು ನರೆತವನೂ ಮಾಣಿಯೇ! ಅಂದು ಪ್ರಶ್ನೆ ಕೇಳಿದ ನಮ್ಮ ಹಿರಿಯ ಸದಸ್ಯರು ಸುಮ್ಮನೆ ಕೇಳಿದವರಲ್ಲ. ಕೆಲಸಕ್ಕೆ ಸೇರಿದ ಮೊದಲ ಆರು ವರ್ಷ ತಮ್ಮನ್ನು ಯಾರೂ ಹೆಸರು ಹಿಡಿದು ಕರೆದದ್ದಿಲ್ಲವೆಂದು ಅವರು ಆಮೇಲೆ ಹೇಳಿದರು.

ಆ ಕಾಲ ಹೋಯಿತು ಎನ್ನುವಿರೋ? ಕರಾವಳಿಯ ಹುಡುಗರು ಈಗ ಹಿಂದಿನಂತೆ ಈ ಕೆಲಸಕ್ಕೆ ಬರುತ್ತಿಲ್ಲ, ನಿಜ. ಅವರ ಜಾಗಕ್ಕೆ ಒಡಿಶಾ, ಬಿಹಾರ, ಬಂಗಾಳ, ಅಸ್ಸಾಂ, ತ್ರಿಪುರಗಳಿಂದ ಹುಡುಗರು ಬಂದಿದ್ದಾರೆ. ಅವರ ಭಾಷೆ ಬೇರೆ, ಊಟ ಬೇರೆ, ಊರು ಬೇರೆ. ನಾವು ಅವರನ್ನು ಏನೆಂದು ಕರೆಯುತ್ತೇವೆ? ಬೀದಿಯವರು ಅನ್ನುವಂತೆ ನಾವೂ ‘ವಡಕ್ಕನ್’ ಅನ್ನುತ್ತೇವೆ. ಸ್ವಲ್ಪ ದಯೆ ಇದ್ದರೆ ‘ಭಯ್ಯಾ’. ತ್ರಿಪುರದವನಿಗೂ ಒಡಿಶಾದವನಿಗೂ ನೂರಾರು ಮೈಲಿಯ ಅಂತರವಿದ್ದರೂ ನಮಗೆ ಎಲ್ಲರೂ ‘ಉತ್ತರದವರು’. ಇದು ಮಿಸ್ ಟಾಕ್ಸಳ ಭೂಗೋಳವಲ್ಲದೆ ಮತ್ತೇನು? ನೇಟಿವ್ ಎಂದು ಕರೆಸಿಕೊಂಡವರ ಮೊಮ್ಮಕ್ಕಳು, ಮಾಣಿ ಎಂದು ಕರೆಸಿಕೊಂಡವರ ಮಕ್ಕಳು, ಇಂದು ಗಲ್ಲಾದ ಈಚೆ ಕುಳಿತು ಇನ್ನೊಬ್ಬನ ಹೆಸರನ್ನು ನುಂಗುತ್ತಿದ್ದೇವೆ.

ನಮ್ಮದೇ ತಪ್ಪನ್ನು ಮುಚ್ಚಿಡುವುದಿಲ್ಲ. ಎರಡು ವರ್ಷದ ಕೆಳಗೆ, ನಮ್ಮಲ್ಲಿ ಕೆಲವರು ದಿನವೂ ಹೋಗುವ ಒಂದು ಹೋಟೆಲಿನ ಅಡಿಗೆಮನೆಯಲ್ಲಿ ಕುದಿಯುವ ಸಾಂಬಾರಿನ ಪಾತ್ರೆ ಜಾರಿ ಒಬ್ಬ ಹುಡುಗನ ಕಾಲು, ತೊಡೆ ಬೆಂದುಹೋಯಿತು. ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ಚೀಟಿ ಬರೆಯುವ ಗುಮಾಸ್ತರು ಹೆಸರು ಕೇಳಿದರು. ಅಡಿಗೆಯವರು ಮುಖ ನೋಡಿದರು. ಜೊತೆಗೆ ಬಂದ ಸಪ್ಲೈಯರ್ ‘ಛೋಟು’ ಎಂದ. ಅಪ್ಪನ ಹೆಸರು? ಊರು? ವಯಸ್ಸು? ಯಾರಿಗೂ ಗೊತ್ತಿಲ್ಲ. ಹದಿನಾಲ್ಕು ತಿಂಗಳು ಅಲ್ಲಿ ದುಡಿದವನು ಅವನು. ಆ ಹದಿನಾಲ್ಕು ತಿಂಗಳೂ ಅವನು ಒರೆಸಿದ ಮೇಜಿನ ಮೇಲೆ ಕಾಫಿ ಕುಡಿದವರು ನಾವು. ಕಾರ್ಮಿಕ ಬಂಧುತ್ವದ ಬಗ್ಗೆ ಈ ಪತ್ರಿಕೆಯಲ್ಲಿ ಬರೆಯುವವರೂ ನಾವೇ! ಕೊನೆಗೆ ಆ ಹುಡುಗನೇ, ನೋವಿನಲ್ಲಿ ಹಲ್ಲು ಕಚ್ಚಿಕೊಂಡು, ತನ್ನ ಪೂರ್ತಿ ಹೆಸರನ್ನೂ ಅಪ್ಪನ ಹೆಸರನ್ನೂ ಹೇಳಿದ. ಅವನ ಅನುಮತಿಯಿಲ್ಲದೆ ಅದನ್ನು ಇಲ್ಲಿ ಅಚ್ಚುಮಾಡುವುದು ನ್ಯಾಯವಲ್ಲ; ಆದರೆ ಸಂಘದ ಪುಸ್ತಕದಲ್ಲಿ ಅಂದೇ ಬರೆದಿಟ್ಟೆವು. ಹೋಟೆಲಿನ ಹಾಜರಿ ಪುಸ್ತಕದಲ್ಲಿ ಅವನ ಹೆಸರಿರಲಿಲ್ಲ. ಹಾಜರಿ ಪುಸ್ತಕದಲ್ಲಿಲ್ಲದವನಿಗೆ ಇ.ಎಸ್.ಐ. ಇಲ್ಲ, ಪರಿಹಾರವಿಲ್ಲ. ಔಷಧಿಯ ಖರ್ಚಿಗೆ ನಾವು ಚಂದಾ ಎತ್ತಿದೆವು. ಚಂದಾ ಎತ್ತುವುದು ಪುಣ್ಯವಿರಬಹುದು. ಹಕ್ಕು ಕೊಡಿಸುವುದು ಧರ್ಮ. ಮೊದಲನೆಯದನ್ನು ಮಾಡಿ ಎರಡನೆಯದನ್ನು ಮರೆತವರು ನಾವು.

ಒಬ್ಬ ಹುಡುಗನ ಕಥೆಯಾದರೆ ಒಂದು ಹೋಟೆಲಿನ ತಪ್ಪೆನ್ನಬಹುದಿತ್ತು. 2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಹಾಕಿದಾಗ ಲಕ್ಷಾಂತರ ಕೆಲಸಗಾರರು ಹೆದ್ದಾರಿ ಹಿಡಿದು ಊರಿಗೆ ನಡೆದರು. ಎಷ್ಟೋ ಮಂದಿ ದಾರಿಯಲ್ಲೇ ಸತ್ತರು. ಆ ವರ್ಷದ ಸೆಪ್ಟೆಂಬರಿನಲ್ಲಿ ಲೋಕಸಭೆಯಲ್ಲಿ ಕೇಳಿದಾಗ, ಸತ್ತ ವಲಸೆ ಕಾರ್ಮಿಕರ ಲೆಕ್ಕವನ್ನು ಇಟ್ಟಿಲ್ಲವೆಂದು ಕಾರ್ಮಿಕ ಸಚಿವಾಲಯ ಉತ್ತರ ಕೊಟ್ಟಿತು. ಹೊರ ರಾಜ್ಯಕ್ಕೆ ಹೋಗಿ ದುಡಿಯುವವರ ಹೆಸರು ಬರೆದಿಡಬೇಕೆಂಬ ಕಾನೂನು 1979ರಲ್ಲೇ ಬಂದಿತ್ತು! ನಲವತ್ತೊಂದು ವರ್ಷ ಹೆಸರು ಬರೆಯದವರಿಗೆ ಸತ್ತವರ ಲೆಕ್ಕ ಎಲ್ಲಿಂದ ಸಿಗಬೇಕು? ಸಣ್ಣ ಪಾತ್ರಗಳು, ಬಿಡಿ.

ನಮ್ಮ ಮಾತಿಗೆ ಆಕ್ಷೇಪಗಳು ಬರುತ್ತವೆ. ಒಂದೊಂದಾಗಿ ಉತ್ತರಿಸುತ್ತೇವೆ.

“ಹೆಸರಲ್ಲೇನಿದೆ? ಸಂಬಳ ಕೊಟ್ಟರೆ ಸಾಲದೇ?” ಹೆಸರಲ್ಲಿ ಏನೂ ಇಲ್ಲದಿದ್ದರೆ ಯಜಮಾನರು ತಮ್ಮ ಹೆಸರನ್ನು ಬೀದಿಗೆ ಕಾಣುವಂತೆ ದೀಪದ ಅಕ್ಷರದಲ್ಲಿ ಬರೆಸುವುದೇಕೆ? ಪಾಲಿ ಟೂಡಲ್‌ಗೆ 1846ರಲ್ಲಿ ತಿಳಿದದ್ದು ನಮಗೆ ಇಂದಿಗೂ ತಿಳಿಯಬಾರದೇ? ಹೆಸರು ಬರೆದಲ್ಲಿಂದ ಸಂಬಳ, ರಜೆ, ಭವಿಷ್ಯನಿಧಿ ಎಲ್ಲವೂ ಶುರುವಾಗುತ್ತದೆ.

“ಅವರು ಕನ್ನಡಿಗರಲ್ಲ, ನಮ್ಮದು ಕನ್ನಡಿಗರ ಸಂಘ.” ಇದು ನಮ್ಮವರೇ ಹೇಳುವ ಮಾತು, ಆದ್ದರಿಂದ ಹೆಚ್ಚು ನೋವಿನದು. ಈ ಊರಿಗೆ ಬಂದಾಗ ನಾವೂ ಹೊರಗಿನವರಾಗಿದ್ದೆವು. ತಮಿಳು ಬಾರದ ನಮ್ಮ ಹುಡುಗರಿಗೆ ಬಾಡಿಗೆ ಕೋಣೆ ಕೊಡಿಸಿದವರು, ಜ್ವರ ಬಂದಾಗ ಗಂಜಿ ಕೊಟ್ಟವರು ಈ ಊರಿನ ತಮಿಳು ದುಡಿಮೆಗಾರರು. ಅವರು ಅಂದು ‘ನೀನು ನಮ್ಮವನಲ್ಲ’ ಎಂದಿದ್ದರೆ ಇಂದು ಈ ಪತ್ರಿಕೆ ಇರುತ್ತಿರಲಿಲ್ಲ. ಭಾಷೆ ನಮ್ಮ ಮನೆ; ಮನೆಯೆಂದ ಮೇಲೆ ಅದಕ್ಕೊಂದು ಬಾಗಿಲೂ ಇರಬೇಕು.

“ಕಾದಂಬರಿಯೆಂದ ಮೇಲೆ ಎಲ್ಲರಿಗೂ ಮುಖ್ಯ ಪಾತ್ರ ಕೊಡಲಾಗುತ್ತದೆಯೇ? ಸಾಹಿತ್ಯಕ್ಕೂ ಸಂಘಕ್ಕೂ ಏನು ಸಂಬಂಧ?” ಕೊಡಲಾಗುತ್ತದೆ, ಸ್ವಾಮಿ. ನಮ್ಮವರೇ ಕೊಟ್ಟಿದ್ದಾರೆ. ದಕ್ಷಿಣ ಕನ್ನಡ ಇನ್ನೂ ಮದರಾಸು ಪ್ರಾಂತಕ್ಕೆ ಸೇರಿದ್ದಾಗ, 1933ರಲ್ಲಿ, ಶಿವರಾಮ ಕಾರಂತರು ‘ಚೋಮನ ದುಡಿ’ ಬರೆದರು. ತುಂಡು ನೆಲವನ್ನು ಸ್ವಂತಕ್ಕೆ ಉಳಬೇಕೆಂಬ ಆಸೆ ಹೊತ್ತ ಅಸ್ಪೃಶ್ಯ ಆಳನ್ನು ಪುಸ್ತಕದ ನಡುಮನೆಗೇ ತಂದು ಕೂರಿಸಿ, ಅವನ ಹೆಸರನ್ನೇ ಪುಸ್ತಕದ ಹೆಸರಾಗಿಸಿದರು. ಕಾಸರಗೋಡು ಸೀಮೆಯ ಕಯ್ಯೂರಿನ ನಾಲ್ವರು ರೈತರನ್ನು 1943ರ ಮಾರ್ಚ್ 29ರಂದು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ನಿರಂಜನರು 1955ರಲ್ಲಿ ‘ಚಿರಸ್ಮರಣೆ’ ಬರೆದು ಆ ರೈತರನ್ನು ಕನ್ನಡದಲ್ಲಿ ಚಿರವಾಗಿಸಿದರು. ಕುವೆಂಪು 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಮುಖ್ಯ-ಅಮುಖ್ಯವೆಂಬ ಭೇದವನ್ನೇ ಆರಂಭದಲ್ಲಿ ನಿರಾಕರಿಸಿದರು. ಅಲ್ಲಿಯೂ ಒಬ್ಬ ಆಳಿದ್ದಾನೆ, ಒಂದು ನಾಯಿಯಿದೆ. ನಾಯಿಯ ಹೆಸರು ಹುಲಿಯ, ಆಳಿನ ಹೆಸರು ಗುತ್ತಿ. ಇಬ್ಬರಿಗೂ ಹೆಸರಿದೆ, ಇಬ್ಬರಿಗೂ ಮನಸ್ಸಿದೆ. ಡಿಕನ್ಸನ ನಾಯಿಯ ಪಕ್ಕದಲ್ಲಿ ಹೆಸರಿಲ್ಲದೆ ನಿಂತ ಮನುಷ್ಯನಿಗೆ ಕನ್ನಡ ಸಾಹಿತ್ಯ ಕೊಟ್ಟ ಉತ್ತರವಿದು. ಇಂಥ ಸಾಹಿತ್ಯದ ವಾರಸುದಾರರು ಹೋಟೆಲಿಗೆ ಹೋಗಿ ‘ಏ ಛೋಟು’ ಎಂದು ಕೂಗಿದರೆ ನಾಚಿಕೆ ಯಾರಿಗೆ?

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ದೊಡ್ಡ ನಿರ್ಣಯಗಳು ಬೇಡ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಬಗ್ಗೆ ನಮ್ಮ ತಕರಾರುಗಳು ಬೇರೆ ಇವೆ. ಆದರೆ ಕೆಲಸಕ್ಕೆ ಸೇರುವವನಿಗೆ ನೇಮಕ ಪತ್ರ ಕೊಡಬೇಕೆಂದು ಅವುಗಳಲ್ಲಿ ಬರೆದಿದೆ. ಆ ಕಾಗದವನ್ನು ಕೇಳೋಣ. ಹೋಟೆಲು ನಡೆಸುವ ಕನ್ನಡಿಗ ಬಂಧುಗಳೇ, ನಿಮ್ಮ ಅಡಿಗೆಮನೆಯಲ್ಲಿ, ಬಚ್ಚಲಿನಲ್ಲಿ, ಮೇಜಿನ ಬಳಿ ದುಡಿಯುವ ಪ್ರತಿಯೊಬ್ಬನ ಪೂರ್ತಿ ಹೆಸರು ಹಾಜರಿ ಪುಸ್ತಕದಲ್ಲಿ ಇದೆಯೇ? ಇಲ್ಲವಾದರೆ ಈ ತಿಂಗಳೇ ಬರೆಸಿ. ಹೋಟೆಲಿನ ಕೆಲಸಗಾರರೇ, ಪಕ್ಕದಲ್ಲಿ ಮಲಗುವ ಒಡಿಯಾ ಹುಡುಗನ ಹೆಸರನ್ನೂ ಅವನ ಊರಿನ ವಿಳಾಸವನ್ನೂ ಕೇಳಿ ಬರೆದಿಡಿ. ಬೆಂಕಿ, ಬಿಸಿನೀರು ಹೇಳಿ ಬರುವುದಿಲ್ಲ. ಮನೆಗೆಲಸಕ್ಕೆ ಜನ ಇಟ್ಟುಕೊಂಡ ಸದಸ್ಯರೇ, ‘ಕೆಲಸದವಳು’ ಎಂಬ ಮಾತನ್ನು ಇಂದಿಗೇ ಬಿಡಿ. ಮನೆಗೆಲಸದವರ ಹಕ್ಕಿನ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರಲ್ಲಿ ಒಪ್ಪಂದ ಮಾಡಿತು. ನಮ್ಮ ದೇಶ ಅದನ್ನು ಇನ್ನೂ ಸ್ಥಿರೀಕರಿಸಿಲ್ಲ. ಸರ್ಕಾರ ಮಾಡುವವರೆಗೂ ಕಾಯದೆ, ರಜೆಯ ದಿನವನ್ನೂ ಸಂಬಳದ ದಿನವನ್ನೂ ಒಂದು ಕಾಗದದಲ್ಲಿ ಆಕೆಯ ಹೆಸರಿನೊಡನೆ ಬರೆದುಕೊಡಬಹುದಲ್ಲ. ಇನ್ನು ನಮ್ಮ ಸಂಘದ ಸದಸ್ಯತ್ವದ ನಿಯಮದಲ್ಲಿರುವ ಭಾಷೆಯ ಷರತ್ತನ್ನು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ತೆಗೆದುಹಾಕಬೇಕೆಂದು ನಾವು ಸೂಚನೆ ಕೊಟ್ಟಿದ್ದೇವೆ. ವಿರೋಧಿಸುವವರು ಬಂದು ವಾದಿಸಲಿ, ಸ್ವಾಗತ.

ಮರೀನಾ ಕಡಲತೀರದಲ್ಲಿ 1959ರಿಂದ ಒಂದು ಪ್ರತಿಮೆಯಿದೆ. ದೇವಿಪ್ರಸಾದ ರಾಯ್ ಚೌಧುರಿ ಮಾಡಿದ್ದು: ನಾಲ್ವರು ದುಡಿಮೆಗಾರರು ಬಂಡೆಯೊಂದನ್ನು ಮೀಟಿ ಉರುಳಿಸುತ್ತಿದ್ದಾರೆ. ಮೇ ದಿನದಂದು ನಾವೂ ಅಲ್ಲಿಗೆ ಹೂವಿನ ಹಾರ ಹಿಡಿದು ಹೋಗುತ್ತೇವೆ. ಆ ನಾಲ್ವರಿಗೆ ಹೆಸರಿಲ್ಲ, ಬೇಕಾಗಿಯೂ ಇಲ್ಲ. ಅವರು ಲೋಹದವರು, ಅವರಿಗೆ ಹಸಿವಿಲ್ಲ, ಗಾಯವಿಲ್ಲ, ಊರಿನಲ್ಲಿ ಕಾಯುವ ತಾಯಿಯಿಲ್ಲ. ಜೀವಂತ ಮನುಷ್ಯನಿಗೆ ಹೆಸರು ಬೇಕು. ಲೋಹದ ಕೂಲಿಗಾರನಿಗೆ ಹಾರ ಹಾಕಿ ಬಂದು, ಹೋಟೆಲಿನಲ್ಲಿ ಕುಳಿತು, ಜೀವವಿರುವವನನ್ನು ‘ವಡಕ್ಕನ್, ನೀರು ತಾ’ ಎನ್ನುವ ಮೇ ದಿನ ನಮಗೆ ಬೇಡ.

ನಾಳೆ ಬೆಳಿಗ್ಗೆ ಕಾಫಿ ತಂದಿಟ್ಟವನ ಮುಖ ನೋಡಿ, “ನಿನ್ನ ಹೆಸರೇನಪ್ಪಾ?” ಎಂದು ಕೇಳಿ. ಅವನು ಹೇಳಿದ್ದನ್ನು ನೆನಪಿಡಿ. ಮರುದಿನ ಆ ಹೆಸರಿನಿಂದಲೇ ಕರೆಯಿರಿ. ಅಷ್ಟಾದ ಮೇಲೆ ಅವನನ್ನು ಮುಂದಿನ ಭಾನುವಾರ ನಮ್ಮ ಗೋಷ್ಠಿಗೆ ಕರೆತನ್ನಿ. ಸದಸ್ಯರ ಪುಸ್ತಕ ಮೇಜಿನ ಮೇಲೆ ತೆರೆದೇ ಇರುತ್ತದೆ.